ಮೋಟಾರು ಕೊಂಡ ಗಾಡಿ ಪಾಲಪ್ಪ

ಮಧುಗಿರಿ ಕೋಟೆಯ ಕೆಳಗಿನ ಬೀದಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಗಾಡಿ ಪಾಲಪ್ಪ ತಮ್ಮ ಹಳೆಯ ಮೋಟಾರಿನ ಚಕ್ರ ಕಳಚಿಟ್ಟು, ಬ್ರೇಕಿನ ತೊಗಲು ಪಟ್ಟಿಗೆ ಒಲೆಬೂದಿ ಹಾಕಿ ಉಜ್ಜುತ್ತಿದ್ದಾರೆ. ಮೂರು ದಿನ ಸೀಗೆಪುಡಿಯಲ್ಲಿ ತೊಳೆದು ಒಣಗಿಸಿದ್ದೂ ಆಗಿದೆ. ಮೋಟಾರಿಗೂ ಅಭ್ಯಂಜನವೇ ಎಂದು ನಾನು ಕೆಣಕಿದರೆ ಅವರು ನಗುವುದಿಲ್ಲ. "ಎಣ್ಣೆ ಹಚ್ಚಿದ್ದೇ ತಪ್ಪಾಯ್ತು ಸ್ವಾಮಿ. ಹೊಸಾ ಪಟ್ಟಿಗೆ ಕಾಸಿಲ್ಲ, ಅದ್ಕೇ ಉಜ್ತಾ ಇವ್ನಿ."

ಇಪ್ಪತ್ತೆರಡು ವರ್ಷ ಇಲ್ಲಿಂದ ಕೊರಟಗೆರೆಗೆ ಎತ್ತಿನ ಗಾಡಿ ಹೊಡೆದವರು ಪಾಲಪ್ಪ. ಬಸ್ಸು ಬಂತು, ಗಾಡಿ ಹತ್ತುವವರು ಕಡಿಮೆಯಾದರು. ಹೋದ ವರ್ಷ ಹಳ್ಳಿಕಾರ್ ಜೋಡಿಯನ್ನು ನೂರ ಅರವತ್ತು ರೂಪಾಯಿಗೆ ಮಾರಿ, ಅದೇ ದುಡ್ಡಿಗೆ ಸಿರಾದ ವರ್ತಕರೊಬ್ಬರ ಹಿತ್ತಿಲಲ್ಲಿ ಬಿದ್ದಿದ್ದ ಮೋಟಾರು ಕೊಂಡರು. ಅದರೊಳಗೆ ಕೋಳಿಗಳು ಸಂಸಾರ ಹೂಡಿದ್ದವು. "ಹಿಂದಿನ ಸೀಟ್ನಾಗೆ ಹನ್ನೊಂದು ಮೊಟ್ಟೆ ಇದ್ವು. ಅವ್ನೂ ಸೇರಿಸ್ಕೊಡಿ ಅಂದೆ, ಕೊಡ್ನಿಲ್ಲ." ಊರಿಗೆ ಅದನ್ನು ಎಳೆದು ತಂದದ್ದೂ ಬಾಡಿಗೆಯ ಎತ್ತುಗಳೇ.

ರಿಪೇರಿಗೆ ಕೈಯಲ್ಲಿ ಹೆಚ್ಚು ಉಳಿದಿರಲಿಲ್ಲ. ಅಚ್ಚು ತಿರುಗುವ, ಸವೆದ ಹಿತ್ತಾಳೆ ಬುಷ್ಷುಗಳನ್ನು ಪಾತ್ರೆ ಎರಕದ ಶಂಕರಲಿಂಗಪ್ಪ ಹೊಸದಾಗಿ ಎರೆದುಕೊಟ್ಟರು. ಸೀಟಿಗೆ ತೆಂಗಿನ ನಾರು ತುಂಬಿ, ಮೇಲ್ಹೊದಿಕೆಗೆ ಗೋಣಿ ಹೊಲಿದವರು ಪಾಲಪ್ಪನ ಹೆಂಡತಿ ಹೊನ್ನಕ್ಕ. ಎಂಟು ತಿಂಗಳಾದ ಮೇಲೆ ಎಂಜಿನ್ನು ಕೆಮ್ಮಿ ಎದ್ದಿತು.

ಗಾಡಿ ಕಟ್ಟುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕುವುದು ಗಾಡಿಯವರ ನೇಮ. ಉಜ್ಜಾಡುವ ಜಾಗ ಒಣಗಿರಬಾರದು. ಹೋದ ತಿಂಗಳು, ಬಾಡಿಗೆ ಪರವಾನಗಿಯ ಪರೀಕ್ಷೆಯ ದಿನ, ಪಾಲಪ್ಪ ಅದೇ ಭಕ್ತಿಯಿಂದ ಬ್ರೇಕಿನ ಪಟ್ಟಿಗೂ ಹರಳೆಣ್ಣೆ ಬಳಿದರು. ಎಣ್ಣೆಗೆ ಬ್ರೇಕು ಜಾರಿ, ಇಳಿಜಾರಿನಲ್ಲಿ ಎಳೆದಿದ್ದ ಸುಣ್ಣದ ಗೆರೆ ದಾಟಿ ಮೋಟಾರು ನಿಂತದ್ದು ಹುಲ್ಲಿನ ಬಣವೆಯೊಳಗೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಪರೀಕ್ಷೆಯ ಅಧಿಕಾರಿ ಇನ್ನೊಂದೇ ಅವಕಾಶ ಕೊಟ್ಟಿದ್ದಾರೆ, ಅದು ಇವತ್ತು. "ಇವತ್ತೂ ನಿಲ್ನಿಲ್ಲ ಅಂದ್ರೆ ಎತ್ತೂ ಇಲ್ಲ, ಮೋಟಾರೂ ಇಲ್ಲ. ಕೂಲಿಗೆ ಹೋಗೋದೇಯ," ಎನ್ನುತ್ತಾರೆ ಹೊನ್ನಕ್ಕ.

ಹತ್ತು ಗಂಟೆಗೆ, ಚಕ್ರ ಕೂಡಿಸಿದ ಮೋಟಾರಿನ ಮುಂದಿನ ಸೀಟಿನಲ್ಲಿ ಅಧಿಕಾರಿ ಕೂರುತ್ತಾರೆ. ಹಿಂದೆ ನಾನು, ಜೀವ ಕೈಯಲ್ಲಿ ಹಿಡಿದುಕೊಂಡು. ಮೋಟಾರು ಇಳಿಜಾರು ಹಿಡಿಯುತ್ತದೆ. ಗೆರೆ ಹತ್ತಿರವಾದಾಗ ಪಾಲಪ್ಪ ಬ್ರೇಕು ಅದುಮಿ, ಎತ್ತು ನಿಲ್ಲಿಸುವ ಹಳೆಯ ಅಭ್ಯಾಸದಲ್ಲಿ "ಹೋ... ಹೋ!" ಎಂದು ಕೂಗುತ್ತಾರೆ. ಗೆರೆಗೆ ಒಂದು ಗೇಣು ಈಚೆಗೇ ಮೋಟಾರು ನಿಲ್ಲುತ್ತದೆ. ಅಧಿಕಾರಿಯ ಟೋಪಿ ಮಾತ್ರ ಮುಂದಕ್ಕೆ ಹೋಗಿ ಬೀಳುತ್ತದೆ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ಎತ್ತಿನ ಹಾಗೆ ಮಾತು ಕೇಳುತ್ತದಲ್ಲಯ್ಯ ನಿನ್ನ ಮೋಟಾರು!" ಎಂದು ನಗುತ್ತಾ ಅವರು ಕಾಗದಕ್ಕೆ ಸಹಿ ಹಾಕುತ್ತಾರೆ.

ಪಾಲಪ್ಪ ಕೈಗಂಟಿದ ಬೂದಿ ಒರೆಸಿಕೊಂಡು ಕಾಗದ ತೆಗೆದುಕೊಳ್ಳುತ್ತಾರೆ.

"ಮಾತಿಗೆ ನಿಲ್ಲೋದು ಎತ್ತು ಸ್ವಾಮಿ. ಇದು ನಾನು ಮಾಡಿದ ಕೆಲ್ಸಕ್ಕೆ ನಿಂತ್ಕಂತು."