ವಿಭೂತಿ ಹಚ್ಚಿದ ಮರಿ

ಗುಡೂರಿನಲ್ಲಿ ನಮ್ಮ ಮನೆಗೂ ಚಾಚಿಯ ಮನೆಗೂ ನಡುವೆ ಇರುವುದು ಒಂದು ಮೋಟುಗೋಡೆ. ಚಾಚಿ ನಮಗೆ ರಕ್ತಸಂಬಂಧಿಯಲ್ಲ. ಪಕ್ಕದ ಮುಸ್ಲಿಂ ಮನೆಯ ಹಿರಿಯಳು. ಚಿಕ್ಕಂದಿನಿಂದ ಹಾಗೆ ಕರೆದು ರೂಢಿ. ಸೀರೆ ನೇಯುವವರಿಗೆ ನೂಲು ಸುತ್ತಿಕೊಡುತ್ತಾಳೆ, ಹಿತ್ತಲಲ್ಲಿ ಆಡು ಸಾಕಿದ್ದಾಳೆ. ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ರಜೆಗೆ ಬಂದಾಗ ಯಾವುದಾದರೂ ಆಡು ಈಯುವ ಹಾಗಿದ್ದರೆ ಚಾಚಿ ಗೋಡೆಯ ಮೇಲಿಂದ ನನ್ನನ್ನೇ ಕರೆಯುತ್ತಾಳೆ. ನನ್ನ ಕೈ ಸಣ್ಣದು, ಅಷ್ಟೇ ಕಾರಣ. ಅದರಲ್ಲಿ ಜಾಣತನವೇನೂ ಇಲ್ಲ.

ಈ ಸಲ ಕರೆದದ್ದು ಚಳಿ ಹಿಡಿದ ಹೊಸತರಲ್ಲಿ, ಒಂದು ಮಧ್ಯಾಹ್ನ.

“ಏ ಮೇಡಮ್ಮಾರ, ಉಂಡಿದ್ರ ಬರ್ರಿ. ಇಲ್ಲೊಬ್ಬಾಕಿ ಬ್ಯಾನಿ ತಿನ್ನಾಕತ್ತಾಳ.”

ಕಂದು ಬಣ್ಣದ ಆಡು, ಚೊಚ್ಚಲು. ಅದೇ ಇನ್ನೂ ಮರಿಯಂತಿತ್ತು. ತಗಡಿನ ಶೆಡ್ಡಿನ ಮೂಲೆಯಲ್ಲಿ ನೆಲ ಕೆರೆಯುತ್ತ, ಮಲಗುತ್ತ, ಮತ್ತೆ ಏಳುತ್ತ ಇತ್ತು.

“ಇಷ್ಟ ಸಣ್ಣಾಕಿನ್ನ ಹೋತದ ಹತ್ತರ ಯಾಕ ಬಿಟ್ಟಿ ಚಾಚಿ?”

“ನಾ ಎಲ್ಲಿ ಬಿಟ್ನಿ? ಮೇಯಾಕ ಹೋದಾಗ ಆಕೀನ ನೋಡ್ಕೊಂಡ್ಲು. ನಿನ್ನಂಗ ಮದುವಿ ಒಲ್ಲೆ ಒಲ್ಲೆ ಅನಕೋತ ಕುಂದ್ರತೈತೇನ ಅದು?”

ಮೊದಲ ಮರಿ ತಾನಾಗಿಯೇ ಬಂತು. ಆಡು ತಿರುಗಿ ಅದನ್ನು ನೆಕ್ಕಲು ಶುರುಮಾಡಿತು. ಎರಡನೆಯದರ ಮೂತಿಯೂ ಒಂದು ಗೊರಸೂ ಕಂಡು ಅಲ್ಲಿಗೇ ನಿಂತವು. ಕೈ ತೊಳೆದು ಎಣ್ಣೆ ಹಚ್ಚಿಕೊಂಡು ಒಳಗೆ ತಡವಿದೆ. ಇನ್ನೊಂದು ಕಾಲು ಹಿಂದಕ್ಕೆ ಮಡಚಿಕೊಂಡಿತ್ತು. ಗೊರಸನ್ನು ಅಂಗೈಯಲ್ಲಿ ಮುಚ್ಚಿ ಮೆಲ್ಲಗೆ ಮುಂದಕ್ಕೆ ತಂದೆ. ಆ ಹೊತ್ತಿನಲ್ಲಿ ಆಡು ನನ್ನ ಮೊಣಕಾಲಿಗೆ ಒರಗಿ ಮಲಗಿತ್ತು. ಅದು ತಿಣುಕಿದಾಗ ನಾನು ಎಳೆದೆ. ಮರಿ ಗೋಣಿತಟ್ಟಿನ ಮೇಲೆ ಬಿತ್ತು. ಮೂಗು ಒರೆಸಿ ಎದೆ ತಿಕ್ಕಿದ ಮೇಲೆ ಒಮ್ಮೆ ಸೀನಿತು.

“ಬದಕ್ತು,” ಎಂದು ಚಾಚಿ ಆಡಿಗೆ ಬೆಲ್ಲದ ನೀರು ತರಲು ಒಳಗೆ ಹೋದಳು.

ಆಡು ಇನ್ನೂ ಮೊದಲನೆಯದನ್ನೇ ನೆಕ್ಕುತ್ತಿತ್ತು. ಶೆಡ್ಡಿನ ಸಂದಿಯಿಂದ ಗಾಳಿ ಬೀಸುತ್ತಿತ್ತು. ಈ ಮರಿ ಲೋಳೆಯಲ್ಲಿ ತೊಯ್ದು ನಡುಗುತ್ತಿತ್ತು. ನಾನು ಅದನ್ನು ವೇಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಒಯ್ದೆ. ಚಳಿಗೆಂದೇ ಒಯ್ದೆ ಎಂದು ಹೇಳಬಹುದು. ಆದರೆ ಆ ಲೋಳೆಯನ್ನು ನೋಡುತ್ತ ಸುಮ್ಮನೆ ಕೂರುವುದೂ ನನ್ನಿಂದ ಆಗುತ್ತಿರಲಿಲ್ಲ. ಒಲೆಯ ಮುಂದೆ ಕೂತು ಬಿಸಿನೀರಿನ ಬಟ್ಟೆಯಿಂದ ಒಂದೊಂದು ಕೂದಲೂ ಬಿಡಿಬಿಡಿಯಾಗುವ ತನಕ ಒರೆಸಿದೆ. ನಮ್ಮ ಮನೆಯಲ್ಲಿ ಎಮ್ಮೆ ಈದರೆ ಕರುವಿನ ಹಣೆಗೆ ವಿಭೂತಿ ಹಚ್ಚುವುದು ವಾಡಿಕೆ. ಅವ್ವ ಇದಕ್ಕೂ ಮೂರು ಬೆರಳಿನಿಂದ ಎಳೆದಳು. ಚೆನ್ನಾಗಿ ಕಂಡಿತು. ಫೋನಿನಲ್ಲಿ ಫೋಟೊ ತೆಗೆದೆ.

ನಮ್ಮ ಕರುಗಳಿಗೆ ವಿಭೂತಿ ಹಚ್ಚುವುದು ತಾಯಿ ನೆಕ್ಕಿ ಮುಗಿಸಿದ ಮೇಲೆ. ಅದು ನನಗಾಗಲಿ ಅವ್ವನಿಗಾಗಲಿ ಆಗ ಹೊಳೆಯಲಿಲ್ಲ.

ಮರಿಯೊಡನೆ ವಾಪಸು ಹೋದಾಗ ಚಾಚಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಯವ್ವಾ, ನಮ್ಮ ಮರಿಗೆ ದೀಕ್ಷಾ ಕೊಟ್ಟು ತಂದೀಯೇನ? ಇನ್ನ ಇದನ್ನ ಮಾರಾಕೂ ಬರಂಗಿಲ್ಲ, ಕಡ್ಯಾಕೂ ಬರಂಗಿಲ್ಲ!”

ನಾನೂ ನಕ್ಕೆ. ಮರಿಯನ್ನು ಕೆಳಗಿಟ್ಟೆ. ಅದು ತಡವರಿಸುತ್ತ ಕೆಚ್ಚಲಿನ ಕಡೆ ಹೋಯಿತು. ಆಡು ಒಮ್ಮೆ ಮೂಸಿ ನೋಡಿ, ತಲೆ ತಗ್ಗಿಸಿ ಹಾಯ್ದು ಕೆಡವಿತು. ಎಬ್ಬಿಸಿ ನಿಲ್ಲಿಸಿದೆ. ಮತ್ತೆ ಹಾಯ್ದಿತು.

ಚಾಚಿಯ ನಗು ನಿಂತಿತು. “ಗುರ್ತಾ ಹಿಡೀವಲ್ದು ನೋಡು. ವಾಸನಿ ಹೋಗೇತಿ.”

ವಿಭೂತಿ ತೊಳೆದೆವು. ಆಡಿನ ಮಾಸು ಬಿದ್ದ ಮೇಲೆ ಅದರ ನೀರನ್ನು ಮರಿಯ ಬೆನ್ನಿಗೆ ಸವರಿದೆವು. ಅವ್ವ ಉಪ್ಪು ತಂದು ಹಚ್ಚಿದಳು. ಆಡು ಉಪ್ಪನ್ನು ಆಸೆಯಿಂದ ನೆಕ್ಕಿತು. ಉಪ್ಪು ತೀರಿದ ಕೂಡಲೇ ಹಾಯ್ದಿತು.

“ವಿಭೂತಿ ಹಚ್ಚಿದಾಕಿ ನಾನ,” ಎಂದಳು ಅವ್ವ.

“ನಾ ಒಳಗ ಹೋಗಬಾರ್ದಾಗಿತ್ತು ಬಿಡವಾ,” ಎಂದಳು ಚಾಚಿ.

ಇಬ್ಬರೂ ತಪ್ಪನ್ನು ನನ್ನಿಂದ ಸ್ವಲ್ಪ ಸ್ವಲ್ಪ ಇಸಿದುಕೊಳ್ಳಲು ನೋಡಿದರು. ಯಾರಾದರೂ ಬೈದಿದ್ದರೆ ಏನಾದರೂ ಉತ್ತರ ಹೇಳಬಹುದಿತ್ತು.

ಗಿಣ್ಣದ ಹಾಲು ಹೊಟ್ಟೆಗೆ ಬೀಳದಿದ್ದರೆ ಮರಿ ಉಳಿಯುತ್ತಿರಲಿಲ್ಲ. ಆಡನ್ನು ಗೋಡೆಗೆ ಒತ್ತಿ, ಕೊಂಬು ಹಿಡಿದು ನಿಂತೆ. ಚಾಚಿ ಆಡಿನ ಮೊಲೆಯನ್ನು ಮರಿಯ ಬಾಯಿಗಿಟ್ಟಳು. ಕುಡಿಯಿತು. ಹೀಗೇ ಕುಡಿಸುತ್ತ ಹೋದರೆ ಆಡು ಅದನ್ನು ಒಪ್ಪಿಕೊಂಡೀತೆಂಬ ಆಸೆಯಿಂದ ಅಂದಿನಿಂದ ಅದೇ ನನ್ನ ಕೆಲಸವಾಯಿತು. ನೂಲು ಸುತ್ತಿ ಸುತ್ತಿ ಚಾಚಿಯ ಮಣಿಕಟ್ಟುಗಳು ಸೋತಿವೆ. ಒದ್ದಾಡುವ ಆಡನ್ನು ಅವಳು ಹಿಡಿಯಲಾರಳು.

ಮರಿಯ ಮುಂದೆ ಮಾತ್ರ ನಾನು ತಪ್ಪಿತಸ್ಥಳು ಎಂದುಕೊಂಡಿದ್ದೆ. ಕೆಲವು ದಿನಗಳಲ್ಲಿ ಆಡಿನ ಮುಂದೆಯೂ ಆದೆ. ನನ್ನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಅದು ಮೂಲೆಗೆ ಸರಿದು ಕುತ್ತಿಗೆ ಬಿಗಿ ಮಾಡಿಕೊಂಡು ನಿಲ್ಲುತ್ತಿತ್ತು. ತನಗೆ ಪರಿಚಯವೇ ಇಲ್ಲದ ಒಂದು ಮರಿಗೆ ಹಾಲು ಕೊಡಿಸಲು ದಿನಕ್ಕೆ ಹಲವು ಸಲ ಬಂದು ಕೊಂಬು ತಿರುವುವವಳು ನಾನು. ಅದರ ಲೆಕ್ಕದಲ್ಲಿ ಅದರದೇನೂ ತಪ್ಪಿಲ್ಲ. ಮರಿ ಮಾತ್ರ ನನ್ನ ಹಿಂದೆಯೇ ಓಡಿಬರುತ್ತಿತ್ತು. “ಮಗಳ್ನ ನೋಡು, ಅವ್ವನ್ನ ಬಿಡವಲ್ದು,” ಎಂದು ಚಾಚಿ ಚೇಷ್ಟೆ ಮಾಡಿದರೆ ನನಗೆ ನಗು ಬರುತ್ತಿರಲಿಲ್ಲ.

ರಜೆ ಮುಗಿಯಿತು. ಹೊರಡುವ ಸಂಜೆ ಬ್ಯಾಗು ಕಟ್ಟಿಟ್ಟು ಶೆಡ್ಡಿಗೆ ಹೋದೆ.

“ನಾಳಿಂದ ಬಾಟ್ಲಿಲೆ ಕುಡಸ್ತೇನಿ,” ಎಂದಳು ಚಾಚಿ. “ಬದಕಿದ್ರ ಬದಕ್ತೈತಿ. ನೀ ಅದನ್ನ ತಲ್ಯಾಗ ಇಟಗೊಂಡು ಹೋಗಬ್ಯಾಡ.”

ಕೊಂಬು ಹಿಡಿದೆ. ಮರಿ ಬಾಲ ಅಲ್ಲಾಡಿಸುತ್ತ ಕುಡಿಯತೊಡಗಿತು. ಅಂದು ಆಡು ಒದ್ದಾಡಲಿಲ್ಲ. ನಾನು ಬೆರಳು ಸಡಿಲಿಸಿದೆ, ಆಮೇಲೆ ಕೈಯನ್ನೇ ತೆಗೆದೆ. ಅದು ನಿಂತೇ ಇತ್ತು.

“ಬಿಟ್ಟೀಯೇನ?” ಚಾಚಿ ಪಿಸುಗುಟ್ಟಿದಳು.

“ಹ್ಞೂ.”

ಆಡು ಕುತ್ತಿಗೆ ತಿರುಗಿಸಿ ಮರಿಯ ಬಾಲದ ಬುಡವನ್ನು ಮೂಸಿತು, ಬಹಳ ಹೊತ್ತು. ಆಮೇಲೆ ಸರಿದುಕೊಂಡು ಇನ್ನೊಂದು ಮರಿಯ ಬಳಿಗೆ ಹೋಯಿತು. ಮೊಲೆ ತಪ್ಪಿದ ಮರಿ ಬಾಯಿ ತೆರೆದುಕೊಂಡೇ ನಿಂತಿತ್ತು.

“ಇವತ್ತ ಹಾಯಲಿಲ್ಲಲ್ಲ, ಅದ ಭಾಳ ಆತು,” ಎಂದಳು ಚಾಚಿ. ನನಗಾಗಿ ಹೇಳಿದ ಮಾತು ಅದು. “ನಡಿ, ಬಸ್ಸು ತಪ್ಪತೈತಿ.”

“ತಪ್ಪಲಿ ಚಾಚಿ. ಅದರ ಹೊಟ್ಟಿ ಇನ್ನಾ ತುಂಬಿಲ್ಲ.”

ನಾನು ಆಡಿನ ಬಳಿಗೆ ಹೋದೆ. ಅದು ಗೋಡೆಗೆ ಸರಿಯಿತು. ಮತ್ತೆ ಕೊಂಬು ಹಿಡಿದುಕೊಂಡೆ.