ಇಟಲಿ ಗಾಡಿ ಮತ್ತು ಗಂಗಮ್ಮನವರ ಷರತ್ತು

ಮೊದಲ ಸಲ ನಾನು ಅದನ್ನು ಕಂಡಾಗ ಅದರ ಸೀಟಿನ ಮೇಲೊಂದು ಕೋಳಿ ಕಾವಿಗೆ ಕೂತಂತೆ ಕಣ್ಣುಮುಚ್ಚಿ ಕೂತಿತ್ತು. ಪರೀಕ್ಷೆಯ ಮೇಲ್ವಿಚಾರಣೆಗೆಂದು ಕುಣಿಗಲ್ಲಿಗೆ ಹೋಗಿದ್ದ ನಾವು ಕೆಲವು ಮೇಷ್ಟ್ರುಗಳು ಮಧ್ಯಾಹ್ನದ ಊಟಕ್ಕೆ ಗಂಗಮ್ಮನವರ ಮನೆಗೆ ಹೋಗುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಆಕೆ ನಡುಮನೆಯಲ್ಲೇ ಚಾಪೆ ಹಾಸಿ, ಬಂದವರಿಗೆ ಮುದ್ದೆ ಉಪ್ಸಾರು ಬಡಿಸಿ ಜೀವನ ಸಾಗಿಸುತ್ತಿದ್ದರು. ಕೈ ತೊಳೆಯಲು ಹಿತ್ತಲಿಗೆ ಹೋದವನು ಗೋಣಿತಾಟಿನ ಕೆಳಗಿಂದ ಇಣುಕುತ್ತಿದ್ದ ಕೆಂಪು ಟ್ಯಾಂಕನ್ನು ನೋಡಿ, ಬಂದ ಕೆಲಸವನ್ನೇ ಮರೆತು ನಿಂತುಬಿಟ್ಟೆ. ನಮ್ಮ ಬೀದಿಗಳಲ್ಲಿ ಓಡಾಡುವ ಮೋಟಾರ್ ಸೈಕಲ್ಲುಗಳು ಉಳುವ ಎತ್ತುಗಳಂತೆ ನೆಟ್ಟಗೆ, ಸಮಾಧಾನವಾಗಿ ನಿಂತಿರುತ್ತಿದ್ದವು. ಇದು ನಿಂತಲ್ಲೇ ಮುಂದಕ್ಕೆ ಬಾಗಿತ್ತು. ತಗ್ಗಿದ ಹ್ಯಾಂಡಲ್ಲು, ನೀಳವಾದ ಟ್ಯಾಂಕು. ಮನಸ್ಸು ಬಂದರೆ ಆ ಕೋಳಿಯ ಸಮೇತ ಹೊರಟೇಬಿಡುವ ಹಾಗಿತ್ತು.

ನಾನು ಹುಟ್ಟಾ ಪುಕ್ಕಲ ಎಂಬುದನ್ನು ನಿಮಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬಾವಿಗೆ ಇಣುಕದೆ, ಈಜು ಕಲಿಯದೆ, ದೀಪಾವಳಿಯಲ್ಲಿ ಹೂಕುಂಡದ ಹತ್ತಿರವೂ ಸುಳಿಯದೆ ಮೂವತ್ತು ದಾಟಿದವನು. ಧೈರ್ಯಶಾಲಿಗೆ ಆಪತ್ತು ಎದುರಾದಾಗ ಮಾತ್ರ ಆಪತ್ತು. ಪುಕ್ಕಲನ ಕಲ್ಪನಾಶಕ್ತಿ ಎಷ್ಟು ಸಮೃದ್ಧವಾದದ್ದೆಂದರೆ ಮನೆಯ ಹೊಸ್ತಿಲು ದಾಟುವ ಮೊದಲೇ ಅವನು ಹಲವು ಬಗೆಯಲ್ಲಿ ಸತ್ತು, ತನ್ನ ಹೆಣ ಮನೆಗೆ ಬಂದದ್ದನ್ನೂ ನೋಡಿ ಮುಗಿಸಿರುತ್ತಾನೆ. ಇಂಥವನಿಗೆ ಆ ಗಾಡಿ ಯಾಕೆ ಬೇಕೆನಿಸಿತು ಎಂದು ನೀವು ಕೇಳಬಹುದು. ಬಹುಶಃ ಭಯಪಡುವುದರಲ್ಲೇ ಕಳೆದ ಆಯುಷ್ಯಕ್ಕೆ, ಭಯಪಡಲು ಯೋಗ್ಯವಾದದ್ದೊಂದು ಸಿಕ್ಕಿತೆನಿಸಿರಬೇಕು.

ಗಾಡಿ ಗಂಗಮ್ಮನವರ ಮಗ ಮಂಜುವಿನದು. ಅವನು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದಾಗ, ಯಂತ್ರ ಜೋಡಿಸಿಕೊಡಲು ಇಟಲಿಯಿಂದ ಬಂದಿದ್ದ ಎಂಜಿನಿಯರೊಬ್ಬ ತನ್ನೂರಿಗೆ ಮರಳುವ ಮುನ್ನ ಅದನ್ನು ಅವನಿಗೆ ಮಾರಿ ಹೋಗಿದ್ದ. ವರ್ಷ ತುಂಬುವುದರೊಳಗೆ ಮಂಜು ಹೆಬ್ಬೂರಿನ ಹತ್ತಿರದ ತಿರುವಿನಲ್ಲಿ ರಸ್ತೆ ಬಿಟ್ಟು ಹೊಲಕ್ಕೆ ಹಾರಿ, ತೊಡೆಯ ಮೂಳೆ ಮುರಿದುಕೊಂಡ. ಬಹಳ ಕಾಲ ಆಸ್ಪತ್ರೆಯಲ್ಲಿದ್ದು ಮನೆಗೆ ಬರುವಷ್ಟರಲ್ಲಿ ಕೆಲಸ ಹೋಗಿತ್ತು. ಈಗ ಊರಿನಲ್ಲೇ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದ. ಕುಂಟುತ್ತಲೇ ಗಾಡಿಯನ್ನೂ ಸರಿಮಾಡಿ ನಿಲ್ಲಿಸಿದ್ದ. ಹತ್ತುವುದಕ್ಕೆ ಮಾತ್ರ ತಾಯಿ ಬಿಟ್ಟಿರಲಿಲ್ಲ.

ಬೆಲೆಯ ಮಾತು ಬೇಗ ಮುಗಿಯಿತು. ಕೀಲಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಡುವಾಗ ಗಂಗಮ್ಮನವರು ನನ್ನ ಕೈಯನ್ನು ಹಾಗೇ ಹಿಡಿದುಕೊಂಡರು.

“ಮೇಷ್ಟ್ರೇ, ಗಾಡಿ ನಿಮ್ದಾಯ್ತು, ಏನಾರ ಮಾಡ್ಕಳಿ. ನನ್ ಮಗನ ಕೈಗೆ ಮಾತ್ರ ಕೊಡಬ್ಯಾಡಿ. ಅವ್ನು ಕೇಳ್ತಾನೆ. ಕಾಲಿಗ್ ಬಿದ್ದಾದ್ರೂ ಕೇಳ್ತಾನೆ.”

“ಕೊಡಲ್ಲಮ್ಮ,” ಎಂದೆ.

“ಭಯ ಅನ್ನೋದನ್ನ ದೇವ್ರು ಅವ್ನಿಗೆ ಇಕ್ಕೇ ಇಲ್ಲ. ನಿಮ್ ಮಖ ನೋಡಿದ್ರೆ ನಿಮ್ಗೆ ಬೇಜಾನ್ ಐತೆ ಅನ್ಸುತ್ತೆ. ಅದ್ಕೇ ನಿಮ್ಗೆ ಕೊಡ್ತಿರೋದು.”

ಹೀಗೆ, ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಪುಕ್ಕಲುತನ ಒಂದು ಅರ್ಹತೆಯಾಗಿ ಪರಿಗಣಿತವಾಯಿತು.

ಗಾಡಿಯನ್ನು ಓಡಿಸಿಕೊಂಡು ಬರುವ ಎದೆಗಾರಿಕೆ ಸಾಲದೆ ಹುಲ್ಲು ತುಂಬಿದ ಲಾರಿಯಲ್ಲಿ ಹೇರಿಸಿ ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಗೆ ತಂದೆ. ನನ್ನ ಹೆಂಡತಿ ಸರೋಜ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಅದರ ಸುತ್ತ ಒಂದು ಸುತ್ತು ಬಂದಳು. “ನಾನಂತೂ ಇದರ ಹಿಂದೆ ಕೂರಲ್ಲ,” ಎಂದಳು. “ಇಬ್ರೂ ಒಟ್ಟಿಗೇ ಹೋಗ್ಬಿಟ್ರೆ ಮಗೂನ ನೋಡ್ಕೊಳ್ಳೋರು ಯಾರು?” ಹೋಗುವುದು ಎಂದರೆ ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಆಗ ನಾನು ಗುಬ್ಬಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಬಸ್ಸಿನಲ್ಲಿ ತೂಕಡಿಸುತ್ತ ದಾಟುತ್ತಿದ್ದ ಆ ರಸ್ತೆಯಲ್ಲಿ ಇಷ್ಟೊಂದು ಮೋರಿಗಳಿವೆ, ಇಷ್ಟೊಂದು ನಾಯಿಗಳಿವೆ, ಕಣ ಮಾಡಿ ರಾಗಿ ಹರಡಿರುವ ಇಷ್ಟೊಂದು ಜಾಗಗಳಿವೆ ಎಂಬುದು ಗಾಡಿ ಹತ್ತಿದ ಮೇಲೆ ತಿಳಿಯಿತು. ಎಲ್ಲಕ್ಕಿಂತ ದೊಡ್ಡ ಭಯ ನನ್ನ ಕಾಲುಗಳದು. ನಾನು ಕಲಿತಿದ್ದ ಗೆಳೆಯನ ಗಾಡಿಯಲ್ಲಿ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಇದರಲ್ಲಿ ಅದು ತಿರುವುಮುರುವು. ಬಲಗಾಲು ಗೇರು, ಎಡಗಾಲು ಬ್ರೇಕು ಎಂದು ಜಪದಂತೆ ಹೇಳಿಕೊಂಡೇ ಹೋಗುತ್ತಿದ್ದೆ. ಗುಬ್ಬಿ ತಲುಪಿದ ಮೇಲೂ ಬೋರ್ಡಿನ ಮೇಲೆ ನನ್ನ ಅಕ್ಷರ ಮೊದಲ ಪೀರಿಯಡ್ ಪೂರ್ತಿ ನಡುಗುತ್ತಿತ್ತು. ಆದರೂ ಖಾಲಿ ರಸ್ತೆಯಲ್ಲಿ ಎಂಜಿನ್ನು ಒಮ್ಮೆ ಲಯ ಹಿಡಿದುಬಿಟ್ಟರೆ, ಕೆಲವು ಕ್ಷಣಗಳ ಮಟ್ಟಿಗೆ, ಆ ಗಾಡಿಯ ಮೇಲಿರುವವನು ನಾನಲ್ಲ, ನಾನು ಆಗಬಹುದಾಗಿದ್ದ ಇನ್ಯಾರೋ ಒಬ್ಬ ಎನಿಸುತ್ತಿತ್ತು. ಆ ಕ್ಷಣಗಳ ಆಸೆಗೇ ಉಳಿದ ದಾರಿಯ ನಡುಕವನ್ನು ಸಹಿಸಿಕೊಂಡೆ.

ಸ್ವಲ್ಪ ದಿನಕ್ಕೇ ಗಾಡಿ ಮುನಿಯಿತು. ಶಿರಾ ಗೇಟಿನ ಮೆಕ್ಯಾನಿಕ್ ಬಶೀರ್ ಸಾಬರು ಅದರ ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿ ಎದ್ದರು. “ಬಿಚ್ಚೋದೇನೋ ಬಿಚ್ಬೋದು ಸಾರ್. ಆಮೇಲೆ ಜೋಡಿಸ್ಬೇಕಲ್ಲ, ಅದಕ್ಕೆ ನಂಗೆ ದಿಗಿಲು.” ನನಗಿಂತ ಗಟ್ಟಿಗರೊಬ್ಬರು ಅದಕ್ಕೆ ಹೆದರಿದ್ದು ಕಂಡು ಸಮಾಧಾನವಾಯಿತಾದರೂ ಗಾಡಿ ಹೊರಡಲಿಲ್ಲ. ಬೇರೆ ದಾರಿ ಕಾಣದೆ ಮಂಜುವಿಗೆ ಹೇಳಿಕಳಿಸಿದೆ.

ಅಂದಿನಿಂದ ಅವನು ಪ್ರತಿ ಭಾನುವಾರ ಕುಣಿಗಲ್ಲಿನಿಂದ ಬಸ್ಸಿನಲ್ಲಿ ಬರತೊಡಗಿದ. ಅಂಗಳದಲ್ಲಿ ಹಳೆಯ ಸೀರೆ ಹಾಸಿಕೊಂಡು, ಕಾರ್ಬುರೇಟರನ್ನು ಬಿಚ್ಚಿ ಪೆಟ್ರೋಲು ಸುರಿದ ತಟ್ಟೆಯಲ್ಲಿ ಅದರ ಪುಟ್ಟ ಪುಟ್ಟ ಭಾಗಗಳನ್ನು ತೊಳೆಯುತ್ತಿದ್ದ. ಇಟಲಿಯ ಬಿಡಿಭಾಗ ತುಮಕೂರಿನಲ್ಲಿ ಎಲ್ಲಿಂದ ಬರಬೇಕು? ಸ್ಕೂಟರಿನ ಕೇಬಲ್ಲನ್ನು ಕತ್ತರಿಸಿ ಹೊಂದಿಸುವನು, ದಪ್ಪ ರಟ್ಟು ಕೊಯ್ದು ಎಣ್ಣೆ ಸೋರದಂತೆ ಒತ್ತು ಕೂರಿಸುವನು. ಸರೋಜ ಅವನಿಗೆ ತಂಗಳು ರೊಟ್ಟಿ ಕೊಟ್ಟರೂ ಕರಿಮಸಿ ಹತ್ತಿದ ಕೈಯಲ್ಲೇ ಸಂತೋಷವಾಗಿ ತಿನ್ನುತ್ತಿದ್ದ.

ಕೆಲಸ ಮುಗಿದ ಮೇಲೆ ಓಡಿಸಿ ನೋಡಬೇಕಲ್ಲ, ಅಲ್ಲೇ ಪೇಚು. ಅವನು ಕೈ ಒರೆಸಿಕೊಂಡು ಕೀಲಿಯ ಕಡೆ ನೋಡುವನು. ನಾನೇ ಕೀಲಿ ಸಿಕ್ಕಿಸಿ ಮುಂದೆ ಕೂರುವೆ. ಅವನು ಹಿಂದೆ ಹತ್ತಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ನನ್ನ ಹೆಗಲ ಮೇಲಿಂದ ಅಪ್ಪಣೆ ಕೊಡುವನು.

“ರೇಸು ಕೊಡಿ ಸಾರ್.”

“ಕೊಟ್ಟೆನಲ್ಲಪ್ಪ.”

“ಎಲ್ಲಿ ಕೊಟ್ರಿ? ಅಲ್ನೋಡಿ, ಎಮ್ಮೆ ನಮ್ಮನ್ನ ಹಿಂದಕ್ ಹಾಕ್ತಾ ಐತೆ.”

ಒಮ್ಮೆ ಮಾತ್ರ ಬಾಯಿಬಿಟ್ಟು ಕೇಳಿದ. “ಒಂದೇ ಒಂದ್ ರೌಂಡ್ ಸಾರ್. ಶೆಟ್ಟಿಹಳ್ಳಿ ದಾಟಲ್ಲ. ಅಮ್ಮಂಗೆ ಯಾರ್ ಹೇಳ್ತಾರೆ?” ಅವನ ಕಣ್ಣುಗಳು ಹಬ್ಬದ ಹಿಂದಿನ ದಿನದ ಮಕ್ಕಳ ಕಣ್ಣಿನಂತಿದ್ದವು. “ಅಮ್ಮಂಗೆ ಮಾತು ಕೊಟ್ಟಿದೀನಿ ಮಂಜು,” ಎಂದೆ. ಅವನು ಹಿಂದಿನ ಸೀಟಿಗೆ ಹತ್ತಿದ. ಕೊಡದಿದ್ದುದಕ್ಕೆ ಮಾತಿನ ಮೇಲಿನ ನಿಷ್ಠೆಗಿಂತ ಗಂಗಮ್ಮನವರ ಮೇಲಿನ ಹೆದರಿಕೆಯೇ ಕಾರಣ. ಅವನಿಗೇನಾದರೂ ಆದರೆ ಆಕೆಯ ಮುಂದೆ ಹೋಗಿ ನಿಲ್ಲುವುದನ್ನು ನನ್ನ ಸಮೃದ್ಧ ಕಲ್ಪನೆ ಆಗಲೇ ಹಲವು ಸಲ ತೋರಿಸಿ ಆಗಿತ್ತು.

ಅದೊಂದು ಭಾನುವಾರ ಗಾಡಿ ಎಂದೂ ಇಲ್ಲದಷ್ಟು ಸೊಗಸಾಗಿ ಓಡುತ್ತಿತ್ತು. “ಇದೇ ಜೋರಲ್ಲಿ ಕುಣಿಗಲ್ಲಿಗೇ ಹೋಗಾಣ ಸಾರ್, ಅಮ್ಮನ ಕೈಯ ಊಟ ಮಾಡ್ಕಂಡ್ ಬರೀರಂತೆ,” ಎಂದ ಮಂಜು. ಹೊರಟೆವು. ಹೆಬ್ಬೂರು ದಾಟುವಾಗ ಅವನ ಮಾತು ನಿಂತಿತು. ಅವನು ಬಿದ್ದಿದ್ದ ತಿರುವಿನ ಹತ್ತಿರ ಅವನ ಕೈಗಳು ನನ್ನ ಸೊಂಟದ ಎರಡೂ ಬದಿಯ ಬಟ್ಟೆಯನ್ನು ಹಿಡಿದವು. ಗಾಳಿಗೆ ಹಾರುವ ಅಂಗಿಯನ್ನು ಹಿಡಿದಿರಬೇಕು ಎಂದುಕೊಂಡೆ.

ಕುಣಿಗಲ್ಲು ಇನ್ನೇನು ಬಂತು ಎನ್ನುವಾಗ ಬೇಲಿಯ ಸಂದಿಯಿಂದ ಒಂದು ಕರು ರಸ್ತೆಗೆ ನುಗ್ಗಿತು. ಇಷ್ಟು ದಿನದ ನನ್ನ ಜಪವೆಲ್ಲ ಆ ಗಳಿಗೆಯಲ್ಲಿ ಆವಿಯಾಯಿತು. ಬಲಗಾಲು ತನ್ನ ಹಳೆಯ ಅಭ್ಯಾಸದಂತೆ ಬ್ರೇಕೆಂದು ತಿಳಿದು ಗೇರನ್ನು ಒತ್ತಿತು. ಹಿಂದಿನ ಚಕ್ರ ಕಿರುಚಿ ಪಕ್ಕಕ್ಕೆ ಜಾರಿತು. ಕರು, ಆಕಾಶ, ಬೇಲಿ ಎಲ್ಲ ಒಂದರ ಮೇಲೊಂದು ಉರುಳಿದವು. ಕಣ್ಣು ಬಿಟ್ಟಾಗ ಇಬ್ಬರೂ ರಸ್ತೆಯಂಚಿನ ಮೆತ್ತನೆಯ ಮಣ್ಣಿನಲ್ಲಿ ಬಿದ್ದಿದ್ದೆವು. ಕರು ಪಾರಾಗಿತ್ತು. ಮಂಜುವಿಗೆ ಮೊಣಕೈ ತರಚಿತ್ತು ಅಷ್ಟೆ. ನನ್ನ ಎಡಗೈ ಮಣಿಕಟ್ಟು ಮಾತ್ರ ನೋಡನೋಡುತ್ತಿದ್ದಂತೆ ಊದಿಕೊಂಡಿತು. ಆ ಗಾಡಿಯ ಬಿಗಿಯಾದ ಕ್ಲಚ್ಚನ್ನು ಆ ಕೈಯಲ್ಲಿ ಹಿಡಿಯುವ ಮಾತೇ ಇರಲಿಲ್ಲ.

ಕೊನೆಗೆ ನಾನೇ ಕೀಲಿ ಚಾಚಿದೆ. “ತಗೋ ಮಂಜು. ಅಮ್ಮನಿಗೆ ನಾನು ಹೇಳ್ಕೋತೀನಿ.”

ಅವನು ಗಾಡಿಯನ್ನೆತ್ತಿ ನಿಲ್ಲಿಸಿದ. ಹತ್ತಿದ. ಒಂದೇ ಒದೆತಕ್ಕೆ ಎಂಜಿನ್ನು ಎದ್ದಿತು. ಗೇರು ಹಾಕಿದ. ಆಮೇಲೆ ಹಾಗೇ ಕೂತ. ಕ್ಲಚ್ ಹಿಡಿದ ಅವನ ಬೆರಳುಗಳು ಬೆಳ್ಳಗಾಗಿದ್ದವು, ಬಿಡುತ್ತಿರಲಿಲ್ಲ. ಅವನ ಬೆನ್ನು ಸಣ್ಣಗೆ ಅದುರುತ್ತಿರುವುದು ಎಂಜಿನ್ನಿನ ಅದುರಾಟವಿರಬೇಕೆಂದು ನಾನು ನೋಡುತ್ತ ನಿಂತೆ. ಎಂಜಿನ್ನು ಆರಿಸಿದ ಮೇಲೂ ಅದು ನಿಲ್ಲಲಿಲ್ಲ.

“ಆಗ್ತಿಲ್ಲ ಸಾರ್,” ಎಂದ, ನನ್ನ ಕಡೆ ತಿರುಗದೆಯೇ ಕೀಲಿಯನ್ನು ಹಿಂದಕ್ಕೆ ಚಾಚಿ. “ಅಮ್ಮ ಬಿಡ್ತಿಲ್ಲ, ಅದ್ಕೇ ಓಡಿಸ್ತಿಲ್ಲ ಅಂತ್ಲೇ ಅಂದ್ಕಂಡಿದ್ದೆ ನಾನು.”

ಭಯವನ್ನು ನನ್ನ ಮನೆಯ ಸಾಕುಪ್ರಾಣಿಯಂತೆ ಬಲ್ಲವನು ನಾನು. ಆದರೆ ಇನ್ನೊಬ್ಬನಲ್ಲಿ ಅದು ಮೊದಲ ಬಾರಿಗೆ ಹುಟ್ಟುವುದನ್ನು ಕಣ್ಣಾರೆ ನೋಡಿದ್ದು ಅಂದೇ. ಅವನು ಹ್ಯಾಂಡಲ್ಲು ಹಿಡಿದ, ನಾನು ಬಲಗೈಯಿಂದ ಹಿಂದೆ ತಳ್ಳಿದೆ. ಬಿಸಿಲಿನಲ್ಲಿ, ಓಡುವುದಕ್ಕೆಂದೇ ಹುಟ್ಟಿದ ಆ ಯಂತ್ರವನ್ನು ಇಬ್ಬರು ಹೆದರಿದ ಗಂಡಸರು ಹೆಣ ಸಾಗಿಸುವಂತೆ ಊರೊಳಗೆ ಸಾಗಿಸಿದೆವು.

ಗಂಗಮ್ಮನವರು ಬಾಗಿಲಲ್ಲೇ ಇದ್ದರು. “ಯಾರ್ ಓಡಿಸ್ತಿದ್ರಿ?” ಎಂದು ಗಾಬರಿಯಲ್ಲಿ ಕೇಳಿದರು.

“ನಾನೇ ಅಮ್ಮ, ಬೀಳಿಸಿದ್ದೂ ನಾನೇ,” ಎಂದೆ. ಆಕೆಗೆ ಹೋದ ಉಸಿರು ಬಂತು. ಅಷ್ಟರಲ್ಲಿ ಮಗನ ಮುಖ ನೋಡಿದರು. ಅವನು ಗಾಡಿಯನ್ನು ಗೋಡೆಗೊರಗಿಸಿ, ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ. ನಾನು ನಡೆದದ್ದನ್ನು ಹೇಳಿದೆ. ಆಕೆ ನನ್ನ ಮಣಿಕಟ್ಟಿಗೆ ಅರಿಸಿನ ಬಿಸಿಮಾಡಿ ಹಚ್ಚುತ್ತ ಪೂರ್ತಿ ಕೇಳಿಸಿಕೊಂಡರು. ಊಟಕ್ಕೆ ಎರಡು ಸಲ ಕರೆದರೂ ಮಂಜು ಏಳಲಿಲ್ಲ.

“ಅವ್ನಿಗೆ ಒಸಿ ಭಯ ಕೊಡಪ್ಪಾ ಅಂತ ದಿನಾ ದೀಪ ಹಚ್ಚಿ ಬೇಡ್ಕತಿದ್ದೋಳು ನಾನೇ ಮೇಷ್ಟ್ರೇ,” ಎಂದರು ಗಂಗಮ್ಮನವರು. “ಈಗ ಕೊಟ್ಟವ್ನೆ. ಆ ಮಖ ನೋಡಕ್ಕಾಗ್ತಿಲ್ಲ ನಂಗೆ.”

ಹೊತ್ತು ಇಳಿಯತೊಡಗಿದಾಗ ಆಕೆ ಕೈ ಚಾಚಿದರು. “ಕೀಲಿ ಕೊಡಿ.”

“ನಾನು ಕೊಟ್ಟ ಮಾತು?”

“ಆ ಮಾತ್ನ ವಾಪಸ್ ತಗಂಡೆ ಬುಡಿ.”

ಹಿತ್ತಲಿಗೆ ಹೋಗಿ ಮಗನ ಮುಂದೆ ನಿಂತರು. “ಏಳ್ಲಾ. ಕೆರೆ ಏರಿ ತಂಕ ಹೋಗ್ಬರಾಣ.”

“ಬ್ಯಾಡಮ್ಮ. ನನ್ ಕೈಲಾಗಲ್ಲ.”

“ನಾನ್ ಹಿಂದೆ ಕೂತ್ಕತೀನಿ ಕಣೋ. ನಂಗೂ ಭಯನೇ. ಇಬ್ರೂ ಭಯ ಬಿದ್ಕಂಡೇ ಹೋಗಾಣ, ಏಳು.”

ಆಕೆ ಸೆರಗನ್ನು ಸೊಂಟಕ್ಕೆ ಬಿಗಿದು ಹಿಂದೆ ಓರೆಯಾಗಿ ಕೂತು, ಕಣ್ಣು ಗಟ್ಟಿಯಾಗಿ ಮುಚ್ಚಿ, ಎರಡೂ ಕೈಯಿಂದ ಮಗನ ಅಂಗಿಯನ್ನು ಹಿಡಿದರು. ಮಂಜು ಬಹಳ ಹೊತ್ತು ಕ್ಲಚ್ ಹಿಡಿದೇ ಇದ್ದ. ಆಮೇಲೆ ಬೆರಳುಗಳು ಒಂದೊಂದಾಗಿ ಸಡಿಲಾದವು. ಗಾಡಿ ಮಗು ಹೆಜ್ಜೆಯಿಡುವಂತೆ ಓಲಾಡುತ್ತ ಬೀದಿಯ ತುದಿಗೆ ಹೋಗಿ ಮರೆಯಾಯಿತು. ಅವರು ಮರಳುವವರೆಗೆ ನಾನು ಆ ಬಾಗಿಲಲ್ಲಿ ಹೇಗೆ ನಿಂತಿದ್ದೆ ಎಂಬುದನ್ನು ನಿಮಗೆ ಹೇಳಲಾರೆ. ಗಾಡಿಯ ಮೇಲೆ ಕೂತು ನಾನು ಪಟ್ಟ ಭಯವೆಲ್ಲ ಅದರ ಮುಂದೆ ಆಟದಂತಿತ್ತು.

ಮರಳಿ ಬಂದರು. ಆಕೆಯ ಕೂದಲು ಕೆದರಿತ್ತು, ಅಂಗಿಯನ್ನು ಹಿಡಿದ ಬೆರಳುಗಳು ಮರಗಟ್ಟಿದ್ದವು. ಮಂಜುವೇ ಅವನ್ನು ಬಿಡಿಸಿದ.

“ಇದ್ರ ಮ್ಯಾಲೆ ಇಷ್ಟ್ ದಿನ ಹೆಂಗ್ ಕೂತಿದ್ರಿ ಮೇಷ್ಟ್ರೇ?” ಎಂದರು, ಏದುಸಿರು ಬಿಡುತ್ತ.

“ಹೆದರ್ಕೊಂಡೇ ಅಮ್ಮ.”

“ಹಂಗಾರೆ ಸರಿ.” ಆಕೆ ಮಗನ ಕಡೆ ತಿರುಗಿದರು. “ಮೇಷ್ಟ್ರುನ್ನ ಬಸ್ ಸ್ಟ್ಯಾಂಡ್‌ಗೆ ಬುಟ್ಟು ಬಾ.”

ಕೈ ವಾಸಿಯಾಗುವವರೆಗೆ ಗಾಡಿ ಅಲ್ಲೇ ಇರಲೆಂದು ಬಿಟ್ಟೆ; ವಾಸಿಯಾದ ಮೇಲೂ ನಾನು ಕೇಳಲಿಲ್ಲ, ಭಾನುವಾರಗಳಲ್ಲಿ ಮಂಜುವೇ ಅದನ್ನು ಓಡಿಸಿಕೊಂಡು ಶೆಟ್ಟಿಹಳ್ಳಿಗೆ ಬರುತ್ತಿದ್ದ. ಅದು ಆಮೇಲಿನ ಮಾತು. ಆ ಸಂಜೆ ಅವನು ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ತಲೆಯಾಡಿಸಿ, ಹಿಂದೆ ಯಾರೂ ಇಲ್ಲದ ಗಾಡಿಯನ್ನು ಮನೆಯ ಕಡೆ ತಿರುಗಿಸಿದ. ತುಮಕೂರಿನ ಬಸ್ಸು ಹೊರಟು ನಿಂತಿತ್ತು. ಕಂಡಕ್ಟರು “ಹತ್ತಿ ಸಾರ್,” ಎಂದು ಕೂಗಿದ. ಇನ್ನೊಂದಕ್ಕೆ ಬರುತ್ತೇನೆ ಎಂದೆ. ಬಸ್ಸು ಹೋಯಿತು. ಸಂತೆಬೀದಿಯ ಆಚೆ ಆ ಎಂಜಿನ್ನಿನ ಸದ್ದು ತಗ್ಗುತ್ತ, ಒಂದು ಕಡೆ ತಡವರಿಸಿ ಮತ್ತೆ ಸರಿಹೋಗಿ, ಕೊನೆಗೆ ಗಂಗಮ್ಮನವರ ಮನೆಯಿರುವ ದಿಕ್ಕಿನಲ್ಲಿ ಮೆಲ್ಲಗೆ ನಿಲ್ಲುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.