ಪಂಕಜಾ ಅಂಟಿಸಿದ ಲೇಬಲ್

ಜೆ.ಪಿ. ನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಪಂಕಜಾ ಇಪ್ಪತ್ತಾರು ವರ್ಷದಿಂದ ಟೆಕ್ನಿಷಿಯನ್. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಅವರ ಕೈಗೇ ಕಾದು ಕೂರುವ ಹಿರಿಯರಿದ್ದಾರೆ. ಕಾಲೇಜಿನಿಂದ ಇಂಟರ್ನ್‌ಶಿಪ್‌ಗೆ ಬರುವ ಮಕ್ಕಳನ್ನು ಪಳಗಿಸುವುದೂ ಅವರದೇ ಕೆಲಸ. ನಲವತ್ತಕ್ಕೂ ಹೆಚ್ಚು ಮಕ್ಕಳು ಅವರ ಬಳಿ ಕಲಿತು ಹೋಗಿದ್ದಾರೆ. ಅವರೆಲ್ಲರ ಹೆಸರನ್ನು ಪಂಕಜಾ ಹೆಮ್ಮೆಯಿಂದ ಹೇಳುತ್ತಿದ್ದರು. ರೇಖಾ ಬಂದುಹೋದ ಮೇಲೆ ಹೇಳುವುದನ್ನು ಬಿಟ್ಟಿದ್ದಾರೆ.

ರೇಖಾ ಮಡಿವಾಳ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಗೌರಮ್ಮನ ಮಗಳು. ಕಳೆದ ವರ್ಷ ಆರು ತಿಂಗಳ ಇಂಟರ್ನ್‌ಶಿಪ್‌ಗೆಂದು ಬಂದಾಗ ಯಾರಾದರೂ ಹೆಸರು ಕೇಳಿದರೂ ನೆಲ ನೋಡಿಕೊಂಡೇ ಹೇಳುತ್ತಿದ್ದಳು. ಓದಿನಲ್ಲಿ ಚುರುಕು, ಆದರೆ ಸೂಜಿ ಹಿಡಿದರೆ ಕೈ ಗಡಗಡ. ಎರಡನೇ ವಾರ ಪಂಕಜಾ ಅವಳನ್ನು ಒಳಗಿನ ಕೋಣೆಗೆ ಕರೆದು ತಮ್ಮ ಎಡತೋಳನ್ನೇ ಮುಂದೆ ಚಾಚಿದರು.

"ತಗೋ. ನನಗೇ ಚುಚ್ಚು."

"ನೋಯತ್ತೆ ಮೇಡಂ."

"ನೋಯೋದು ನನಗೆ ತಾನೇ? ನರ ಕಣ್ಣಲ್ಲಿ ಹುಡುಕ್ಬೇಡ, ಬೆರಳಲ್ಲಿ ಹುಡುಕು."

ಮೂರನೇ ಸಲಕ್ಕೆ ರಕ್ತ ಸಿಕ್ಕಿತು. ಅವತ್ತು ರೇಖಾ ಮೊದಲ ಬಾರಿಗೆ ತಲೆ ಎತ್ತಿ ನಕ್ಕಳು. ಎರಡು ತಿಂಗಳಲ್ಲಿ ಅವಳು ಬೇರೆಯೇ ಹುಡುಗಿಯಾದಳು. ಹೆದರುವ ಅಜ್ಜಿಯರನ್ನು ಮಾತಾಡಿಸಿ, ಅವರಿಗೆ ತಿಳಿಯುವ ಮೊದಲೇ ಕೆಲಸ ಮುಗಿಸುತ್ತಿದ್ದಳು.

ಮೂರನೇ ತಿಂಗಳಿನ ಒಂದು ಸೋಮವಾರ ಬೆಳಿಗ್ಗೆ ಲ್ಯಾಬು ತುಂಬಿ ತುಳುಕುತ್ತಿತ್ತು. ರೇಖಾ ರಕ್ತ ತೆಗೆದು ಕೊಡುತ್ತಿದ್ದಳು, ಅವಳೂ ಪಂಕಜಾರೂ ಕೈಗೆ ಬಂದಂತೆ ಟ್ಯೂಬುಗಳಿಗೆ ಹೆಸರಿನ ಲೇಬಲ್ ಅಂಟಿಸುತ್ತಿದ್ದರು. ನಡುವೆ ಪಂಕಜಾಗೆ ಫೋನ್ ಬಂತು. ಗ್ಯಾಸ್ ಸಿಲಿಂಡರ್ ತಂದವನು ಮನೆ ಬಾಗಿಲಲ್ಲಿ ನಿಂತಿದ್ದ. ಫೋನನ್ನು ಭುಜಕ್ಕೆ ಒತ್ತಿಕೊಂಡೇ ಅವರು ಕೆಲಸ ಮುಂದುವರಿಸಿದರು.

ಮಧ್ಯಾಹ್ನ ಬದರಿನಾಥ ಎಂಬ ನಿವೃತ್ತ ಮೇಷ್ಟ್ರು ರಿಪೋರ್ಟ್ ಹಿಡಿದು ಬಂದು ಕೂಗಾಡಿದರು. ಸಕ್ಕರೆ ಕಾಯಿಲೆಯೇ ಇಲ್ಲದ ಅವರಿಗೆ ಮುನ್ನೂರ ನಲವತ್ತು ಬಂದಿತ್ತು. ಲೇಬಲ್ ಅದಲುಬದಲಾಗಿ, ನಿಜವಾಗಿ ಅಷ್ಟಿದ್ದ ಒಬ್ಬ ಹೆಂಗಸಿಗೆ ಎಲ್ಲ ಸರಿಯಿದೆ ಎಂಬ ವರದಿ ಹೋಗಿತ್ತು. ಇಬ್ಬರನ್ನೂ ಮತ್ತೆ ಕರೆಸಿ ಪರೀಕ್ಷಿಸಿದ್ದರಿಂದ ಅನಾಹುತ ತಪ್ಪಿತು. ಲ್ಯಾಬಿನ ಒಡತಿ ಡಾಕ್ಟರ್ ತನ್ಮಯಿ ಪಂಕಜಾ, ರೇಖಾ ಇಬ್ಬರನ್ನೂ ನಿಲ್ಲಿಸಿ ಕೇಳಿದರು: "ಲೇಬಲ್ ಹಾಕಿದ್ದು ಯಾರು?"

ಪಂಕಜಾಗೆ ನಿಜವಾಗಿಯೂ ನೆನಪಿರಲಿಲ್ಲ. ಆದರೆ ಬಾಯಿಗೆ ಬಂದದ್ದು ಬೇರೆ. "ಹೊಸ ಮಕ್ಳು ಡಾಕ್ಟ್ರೇ, ಗಡಿಬಿಡೀಲಿ ಆಗತ್ತೆ. ಇನ್ಮೇಲೆ ನಾನು ನೋಡ್ಕೋತೀನಿ."

ರೇಖಾ ಬೆಚ್ಚಿ ಅವರ ಮುಖ ನೋಡಿದಳು. ಆಮೇಲೆ ನಿಧಾನವಾಗಿ, "ನಾನೇ ಹಾಕಿರ್ಬೇಕು ಮೇಡಂ. ಸಾರಿ," ಎಂದಳು. ಮೇಡಂ ಹೇಳಿದ ಮೇಲೆ ಅದು ನಿಜವೇ ಇರಬೇಕೆಂದು ನಂಬಿದ್ದಳು.

ಸಂಜೆ ಪಂಕಜಾ ಫ್ರಿಜ್ ತೆರೆದು ಆ ಎರಡು ಟ್ಯೂಬುಗಳನ್ನು ಎತ್ತಿ ನೋಡಿದರು. ಎರಡೂ ಲೇಬಲ್‌ಗಳ ತುದಿ ಚೂರು ಒಳಕ್ಕೆ ಮಡಚಿಕೊಂಡಿತ್ತು. ಲ್ಯಾಬಿನಲ್ಲಿ ಹಾಗೆ ಮಡಚುವವರು ಅವರೊಬ್ಬರೇ, ಹಳೆಯ ಅಭ್ಯಾಸ. ಡಾಕ್ಟರ್ ಪಕ್ಕದ ಕೋಣೆಯಲ್ಲೇ ಇದ್ದರು. ಹತ್ತು ಹೆಜ್ಜೆ ನಡೆದಿದ್ದರೆ ಮುಗಿಯುತ್ತಿತ್ತು. ಪಂಕಜಾ ಟ್ಯೂಬುಗಳನ್ನು ಇದ್ದಲ್ಲೇ ಇಟ್ಟು ಬ್ಯಾಗು ಹಾಕಿಕೊಂಡು ಮನೆಗೆ ಹೋದರು.

ರೇಖಾಳ ಕೈ ಮತ್ತೆ ನಡುಗತೊಡಗಿತು. ಒಬ್ಬರಿಗೆ ನಾಲ್ಕು ಕಡೆ ಚುಚ್ಚಿದಳು. ಒಂದು ವಾರದ ನಂತರ ಬರುವುದನ್ನೇ ನಿಲ್ಲಿಸಿದಳು. ಪಂಕಜಾ ಎರಡು ಸಲ ಫೋನ್ ಮಾಡಿದರು. ಅವಳು ಎತ್ತಲಿಲ್ಲ. ಎತ್ತದಿದ್ದುದೇ ಒಳ್ಳೆಯದಾಯಿತು ಎಂದು ಒಳಗೊಳಗೇ ಅನ್ನಿಸಿದಾಗ ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಐದು ತಿಂಗಳ ಮೇಲೆ, ಜಯನಗರ ನಾಲ್ಕನೇ ಬ್ಲಾಕಿನ ಸೀರೆ ಅಂಗಡಿಯೊಂದರಲ್ಲಿ ರೇಖಾ ಕೌಂಟರಿನ ಹಿಂದೆ ನಿಂತು ಸೀರೆ ಮಡಚುತ್ತಿರುವುದು ಕಂಡಿತು. ಪಂಕಜಾ ಚಪ್ಪಲಿ ಕೂಡ ಬಿಡದೆ ಬಾಗಿಲಿನಿಂದಲೇ ತಿರುಗಿದರು. ಮನೆಗೆ ಬಂದು ಕಾಫಿಗೆ ಹಾಲಿಟ್ಟರೆ ಅದು ಉಕ್ಕಿ ಚೆಲ್ಲುವವರೆಗೂ ಒಲೆಯ ಮುಂದೆ ಹಾಗೇ ನಿಂತಿದ್ದರು.

ಮರುದಿನ ತನ್ಮಯಿಯವರಿಗೆ ಎಲ್ಲ ಹೇಳಿದರು.

"ಇಷ್ಟು ದಿನ ಯಾಕ್ ಸುಮ್ನಿದ್ರಿ ಪಂಕಜಾ ಮೇಡಂ?"

"ನನ್ ಕೈ ತಪ್ಪೋದೇ ಇಲ್ಲ ಅಂತೀರಲ್ಲ ಎಲ್ರೂ. ಆ ಹೆಸರೆಲ್ಲಿ ಹೋಗ್ಬಿಡತ್ತೋ ಅಂತ."

ತನ್ಮಯಿ ಬೈಯಲಿಲ್ಲ. ಇಂಟರ್ನ್‌ಗಳ ಜವಾಬ್ದಾರಿಯನ್ನು ಬೇರೆಯವರಿಗೆ ವಹಿಸಿದರು. ರೇಖಾಳದ್ದು ತಪ್ಪಿಲ್ಲವೆಂದು ಕಾಲೇಜಿಗೆ ಪತ್ರ ಬರೆದುಕೊಟ್ಟರು. ಅದರ ಪ್ರತಿ ಹಿಡಿದು ಪಂಕಜಾ ಸೀರೆ ಅಂಗಡಿಗೆ ಹೋದರು.

ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ರೇಖಾ ಅದನ್ನು ಎರಡು ಸಲ ಓದಿದಳು. "ಇಲ್ಲಿ ಸೀರೆಗೆ ರೇಟಿನ ಚೀಟಿ ಅಂಟಿಸೋವಾಗ್ಲೂ ಮೂರ್ಮೂರ್ ಸಲ ನೋಡ್ತೀನಿ ಮೇಡಂ. ಎಲ್ರೂ ನಗ್ತಾರೆ."

"ನನ್ನಿಂದ ದೊಡ್ಡ ತಪ್ಪಾಯ್ತು ರೇಖಾ. ವಾಪಸ್ ಬಾ. ಉಳಿದ ಮೂರು ತಿಂಗಳು ಮುಗಿಸ್ಕೋ."

"ಮುಗಿಸ್ತೀನಿ. ಆದ್ರೆ ನಿಮ್ಮ ಹತ್ರ ಬೇಡ."

ಬನಶಂಕರಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಅವಳು ಉಳಿದ ತಿಂಗಳುಗಳನ್ನು ಮುಗಿಸಿದಳು. ಪಂಕಜಾಗೆ ಇದು ಗೊತ್ತಾದದ್ದು ಮೊನ್ನೆ ಮಡಿವಾಳ ಮಾರ್ಕೆಟ್ಟಿನಲ್ಲಿ. ಇಂಟರ್ನ್‌ಶಿಪ್‌ನ ಮೊದಲ ದಿನ ಮಗಳನ್ನು ಬಿಡಲು ಬಂದಾಗ ನೋಡಿದ್ದ ಗೌರಮ್ಮ ಗುರುತು ಹಿಡಿದು ಕೂಗಿ ಕರೆದರು.

"ರೇಖಾ ಅಲ್ಲೇ ಕೆಲ್ಸಕ್ ಸೇರ್ಕೊಂಡ್ಳು ಮೇಡಂ! ಸಣ್ ಮಕ್ಳಿಗೆಲ್ಲ ಅವ್ಳೇ ಬೇಕಂತೆ. ಎಲ್ಲಾ ನಿಮ್ಮಿಂದಾನೇ," ಎಂದು ಒಂದು ಕಟ್ಟು ದಂಟಿನ ಸೊಪ್ಪು ಚೀಲಕ್ಕೆ ತುರುಕಲು ಬಂದರು.

ಮಗಳು ತಾಯಿಗೆ ಏನೂ ಹೇಳಿಲ್ಲವೆಂದು ಪಂಕಜಾಗೆ ಆಗ ತಿಳಿಯಿತು. ನಕ್ಕು ಹೋಗಿಬಿಡಬಹುದಿತ್ತು. ಅವರು ಗಿರಾಕಿಗಳು ಕರಗುವವರೆಗೂ ಕಾದು ನಿಂತು, ಲೇಬಲ್‌ನಿಂದ ಹಿಡಿದು ಎಲ್ಲವನ್ನೂ ಹೇಳಿದರು.

ಗೌರಮ್ಮನ ಮುಖದ ನಗು ಆರಿತು. ತಿರುಗಿ ಸೊಪ್ಪಿನ ಮೇಲೆ ನೀರು ಚಿಮುಕಿಸಿದರು.

"ಒಂದ್ ವಾರ ಸರ್ಯಾಗ್ ಊಟಾನೇ ಮಾಡ್ಲಿಲ್ಲ ಕಣಮ್ಮ ನನ್ ಮಗು. ಯಾಕೆ ಅಂತ ಇವತ್ ಗೊತ್ತಾಯ್ತು."

ಅಷ್ಟು ಹೇಳಿ ಅವರು ಹೊಸದಾಗಿ ಬಂದ ಗಿರಾಕಿಯ ಕಡೆ ತಿರುಗಿದರು. ಪಂಕಜಾ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ಬಸ್ ಸ್ಟಾಪಿನ ಕಡೆಗೆ ನಡೆದರು.